ಹೂ ಬಿಡೋ ತನಕ ಕೀಳಂಗಿಲ್ಲ

ನಮ್ಮ ನೆಗೇಣಿಗೆ, ಅಂದ್ರೆ ನಮ್ಮ ಯಜಮಾನರ ಅಣ್ಣನ ಹೆಂಡತಿಗೆ, ತಲೆ ಕೆಟ್ಟಿದೆ ಅಂತ ನಾನು ಊರೆಲ್ಲ ಹೇಳಿಕೊಂಡು ತಿರುಗೋಳಲ್ಲ. ಹೇಳೋ ಅಗತ್ಯಾನೇ ಬೀಳಲ್ಲ. ಕೆರೆಬಿಳಚಿಯ ನಮ್ಮ ಮನೆ ಗೇಟು ತೆಗೆದು ಅಂಗಳಕ್ಕೆ ಕಾಲಿಟ್ಟವರಿಗೆ ಅದು ತಾನಾಗೇ ಗೊತ್ತಾಗುತ್ತೆ. ಕೆಲವರಿಗೆ ಪಂಚೆ ಹರಿದ ಮೇಲೆ ಗೊತ್ತಾಗುತ್ತೆ.

ಬೇರೆಯವರ ಅಂಗಳದಲ್ಲಿ ದಾಸವಾಳ, ಕನಕಾಂಬರ, ನರ್ಸರಿಯಿಂದ ತಂದ ಗುಲಾಬಿ ಇರ್ತವೆ. ನಮ್ಮ ಅಂಗಳದಲ್ಲಿ ಇರೋದು ಯಾರೂ ನೆಡದ, ಯಾರೂ ಕರೆಯದ, ತಾವಾಗೇ ಬಂದು ಝಾಂಡಾ ಹೂಡಿದ ಗಿಡಗಳು. ಅಕ್ಕನ (ನಾನು ಅವರನ್ನ ಹಂಗೇ ಕರೆಯೋದು) ಕಾನೂನು ಒಂದೇ. "ಹೂ ಬಿಡೋ ತನಕ ಕೀಳಂಗಿಲ್ಲ. ಮುಖಾನೇ ನೋಡದೆ ಹೊರಗೆ ಹಾಕಾಕೆ ಅದೇನು ನಿಮಗೆ ಬೈದೈತಾ?"

ಇವೆಲ್ಲ ಎಲ್ಲಿಂದ ಬರ್ತವೆ ಅಂತೀರಾ? ಬೇಸಿಗೆಯಲ್ಲಿ ಜಗಳೂರು ಕಡೆಯ ಕುರಿಗಾರರು ಮಂದೆ ಹೊಡಕೊಂಡು ನಮ್ಮ ಕಡೆ ಬರ್ತಾರೆ. ಒಂದೆರಡು ದಿನ ಕುರಿಗಳನ್ನ ತೋಟದಲ್ಲಿ ನಿಲ್ಲಿಸಿಕೊಂಡರೆ ಒಳ್ಳೇ ಹಿಕ್ಕೆ ಗೊಬ್ಬರ ಸಿಗುತ್ತೆ. ಅದರಲ್ಲಿ ಉಳಿದಿದ್ದನ್ನ ಭಾವ ಅಂಗಳಕ್ಕೆ ತಂದು ಸುರೀತಾರೆ. ಒಂದು ಮಳೆ ಬಿದ್ದರೆ ಸಾಕು, ಆ ಕುರಿಗಳು ದಾರಿಯುದ್ದಕ್ಕೂ ಏನೇನು ಮೇಯ್ದಿದ್ದವೋ ಅದೆಲ್ಲ ನಮ್ಮ ಮನೆ ಮುಂದೆ ಮೊಳಕೆ ಒಡೆಯುತ್ತೆ.

ನಮ್ಮತ್ತೆ ಜಗಲಿ ಮೇಲೆ ಕೂತು ಇದನ್ನೆಲ್ಲ ನೋಡಿ, "ಬಿಳಿಚೋಡಿನ ಹೆಣ್ಣು ಬ್ಯಾಡ್ರೋ ಅಂದೆ, ಯಾರು ಕೇಳಿದ್ರಿ? ಆ ಬರದ ಸೀಮೆಯೋರು ಹಸಿರು ಅಂತ ಕಂಡಿದ್ದನ್ನ ಬಿಡ್ತಾರೇನು?" ಅಂತಾರೆ. ಜಗಳೂರು ತಾಲ್ಲೂಕಿನ ಬಿಳಿಚೋಡು ಅಕ್ಕನ ತವರು. ನಮ್ಮದು ನೀರು, ತೋಟ, ಅಡಿಕೆ ಅಂತ ಬೀಗೋ ಮನೆ. ಅತ್ತೆ ಹಿಂಗಂದಾಗಲೆಲ್ಲ ನಾವು ನಗ್ತೀವಿ. ಅಕ್ಕಾನೂ ನಗ್ತಾರೆ.

ಒಂದ್ಸಲ ಒಂದು ಬಳ್ಳಿ ಎದ್ದಿತು. "ಇದು ಎಲ್ಲಿದೋ ದೊಡ್ಡ ಮನೆತನದ್ದು" ಅಂತ ಅಕ್ಕ ಅದಕ್ಕೆ ಬಾಗಿಲ ಮುಂದೇನೇ ಬಿದಿರು ಚಪ್ಪರ ಹಾಕಿಸಿದ್ರು. ಮೂರು ತಿಂಗಳು ನಾವೆಲ್ಲ ಸೊಂಟ ಬಗ್ಗಿಸಿಕೊಂಡೇ ಒಳಗೆ ಹೊರಗೆ ಓಡಾಡಿದ್ವಿ. ಕೊನೆಗೆ ಹಳದಿ ಹೂ ಬಿಡ್ತು, ಹಿಂದೆಯೇ ಕಾಯಿ ಬಿಡ್ತು, ಹೀರೆಕಾಯಿ. ಅತ್ತೆಗೆ ಖುಷಿಯೋ ಖುಷಿ, ಕೈಯಾರೆ ಪಲ್ಯ ಮಾಡಿದ್ರು. ಒಂದು ತುತ್ತು ಬಾಯಿಗಿಟ್ಟವರು ಎಲ್ಲರೂ ಸಾಲಾಗಿ ಬಚ್ಚಲಿಗೆ ಓಡಿದ್ವಿ. ಅದು ಕಾಡಿನ ಕಹಿ ಹೀರೆ. ಆವತ್ತು ಮನೆಮಂದಿಗೆಲ್ಲ ಬರೀ ಮಜ್ಜಿಗೆ ಅನ್ನ. ಅಕ್ಕ ಮಾತ್ರ ಸಮಾಧಾನವಾಗಿ, "ಹೂವಂತೂ ಚೆನ್ನಾಗಿತ್ತಲ್ರೀ" ಅಂದ್ರು.

ಆಮೇಲೆ ಮೊಬೈಲಿಗೆ ಒಂದು ಆಪ್ ಬಂತು. ಫೋಟೋ ತೆಗೆದರೆ ಗಿಡದ ಹೆಸರು ಹೇಳುತ್ತಂತೆ. ಸೋಮವಾರ ಅದು ಒಂದು ಗಿಡವನ್ನ ಬ್ರೆಜಿಲ್ ದೇಶದ ಅಪರೂಪದ ಹೂವು ಅಂತು. ಬುಧವಾರ ಅದೇ ಗಿಡವನ್ನ ಸೊಪ್ಪು ಅಂತು, ಬೇಯಿಸಿಕೊಂಡು ತಿನ್ನಬಹುದು ಅಂತಾನೂ ಸೇರಿಸಿತು. ಕಹಿ ಹೀರೆ ನೆನಪಿದ್ದ ನಾವು ಯಾರೂ ಅದನ್ನ ಬೇಯಿಸೋ ಧೈರ್ಯ ಮಾಡಲಿಲ್ಲ. ಇನ್ನೊಂದು ದಿನ ಫೋಟೋದಲ್ಲಿ ಗಿಡದ ಜೊತೆ ಭಾವನ ಮೊಳಕೈಯೂ ಬಂದುಬಿಟ್ಟಿತ್ತು. ಆಪ್ ಕೂಲಂಕಷವಾಗಿ ನೋಡಿ, ಇದು ಒಣಗಿದ ಹುಲ್ಲಿನ ಜಾತಿ ಅಂತ ತೀರ್ಪು ಕೊಟ್ಟಿತು. ಭಾವ ವಾರಗಟ್ಟಲೆ ತುಂಬುತೋಳಿನ ಅಂಗಿ ಹಾಕ್ಕೊಂಡು ಓಡಾಡಿದ್ರು.

ಇದೆಲ್ಲ ಹೆಂಗೋ ಸಹಿಸಿಕೊಂಡ್ವಿ. ಆದರೆ ಮೂರು ವರ್ಷದ ಹಿಂದೆ ಅಂಗಳದ ನಟ್ಟನಡುವೆ ಒಂದು ಮುಳ್ಳುಗಿಡ ಎದ್ದಿತು ನೋಡಿ, ಮನೆಯ ನೆಮ್ಮದಿ ಹೋಗಿದ್ದೇ ಅದರಿಂದ. ಪುಟ್ಟ ಎಲೆ, ಜೋಡಿ ಮುಳ್ಳು, ಮುರಿದರೆ ಹಾಲು ಸುರಿಸೋ ಮೊಂಡು ಪೊದೆ. ನನ್ನ ಎರಡು ಸೀರೆಯ ಸೆರಗು ಅದಕ್ಕೆ ಬಲಿಯಾಯ್ತು. ನ್ಯಾಮತಿಯಿಂದ ಬಂದಿದ್ದ ಬೀಗರ ಪಂಚೆ ಅವರು ನೋಡನೋಡುತ್ತಲೇ ಪರದೆ ಥರ ಸೀಳಿ ಹೋಯ್ತು. "ಏನ್ರೀ ಇದು?" ಅಂತ ಅವರು ಕೇಳಿದ್ರೆ ಅಕ್ಕ, "ಹೆಸರು ಗೊತ್ತಿಲ್ರೀ, ಅದಕ್ಕೇ ಕಾಯ್ತಾ ಇದೀವಿ" ಅಂದ್ರು, ಒಂಚೂರೂ ನಾಚಿಕೆ ಇಲ್ಲದೆ.

ಹೆಸರಿಗಾಗಿ ಅವರು ಸುತ್ತದ ಊರಿಲ್ಲ. ಒದ್ದೆ ಕರ್ಚೀಫಲ್ಲಿ ಒಂದು ಟೊಂಗೆ ಸುತ್ತಿಕೊಂಡು ಬಸ್ಸು ಹತ್ತೋದು. ನ್ಯಾಮತಿಯ ರಿಟೈರ್ಡ್ ವಿಜ್ಞಾನದ ಮೇಷ್ಟ್ರು ಅದನ್ನ ಮೂಸಿ, ತಿರುಗಿಸಿ, "ಹೂ ಬಿಟ್ಟ ಮೇಲೆ ತಗಂಡು ಬರ್ರಿ" ಅಂದ್ರು. ಹೊನ್ನಾಳಿಯಲ್ಲಿರೋ ನಮ್ಮಪ್ಪನಿಗೂ ತೋರಿಸಿದ್ರು. ನಮ್ಮಪ್ಪ ಯಾವ ಗಿಡ ನೋಡಿದ್ರೂ ಪಿತ್ತಕ್ಕೆ ಒಳ್ಳೇದು ಅನ್ನೋರು, ಇದಕ್ಕೂ ಅದನ್ನೇ ಅಂದ್ರು. ಅಕ್ಕ ಪ್ರತಿ ಸಲ ಖುಷಿಯಿಂದ ವಾಪಸ್ಸು ಬಂದು, "ಯಾರಿಗೂ ಗೊತ್ತಿಲ್ಲ ಕಣೇ, ಎಷ್ಟು ಅಪರೂಪದ್ದು ಇರಬೇಕು" ಅನ್ನೋರು.

ಅದಕ್ಕೆ ನೀರು ಹಾಕೋಕೂ ಬಿಡ್ತಿರಲಿಲ್ಲ. ನಾನು ಒಂದ್ಸಲ ಕೊಡ ಬಗ್ಗಿಸಿದ್ದಕ್ಕೆ, "ಬ್ಯಾಡ, ನೀರು ಕಂಡ್ರೆ ಅದಕ್ಕೆ ಸಿಟ್ಟು ಬರ್ತೈತೆ" ಅಂತ ಗದರಿದ್ರು. ಗಿಡಕ್ಕೂ ಹುಚ್ಚು, ಸಾಕಿದವರಿಗೂ ಹುಚ್ಚು ಅಂದ್ಕೊಂಡೆ.

ಭಾವ ಈ ವರ್ಷ ಅಂಗಳಕ್ಕೆಲ್ಲ ಸಿಮೆಂಟು ಹಾಕಿಸೋಕೆ ಹೊರಟ್ರು. ಬೇಯಿಸಿದ ಅಡಿಕೆ ಹರವೋಕೆ ಜಾಗ ಸಾಲ್ತಿಲ್ಲ, ನಡುವೆ ಈ ಮುಳ್ಳು ಬೇರೆ. ಅಕ್ಕ ಅಡ್ಡ ಬಂದ್ರು. ಎರಡು ದಿನ ಮನೆಯಲ್ಲಿ ಮಾತುಕತೆ ಬಂದ್. ಕೊನೆಗೆ ಭಾವ ಅವರ ಕಾನೂನನ್ನೇ ಅವರಿಗೆ ತಿರುಗಿಸಿದ್ರು. "ಬಸವ ಜಯಂತಿ ತನಕ ಟೈಮು. ಹೂ ಬಿಟ್ರೆ ಉಳೀತು, ಇಲ್ಲಾಂದ್ರೆ ಮಾರನೇ ದಿನ ಜೆಸಿಬಿ." ಅಕ್ಕ ಒಪ್ಪಿದ್ರು. ದಿನಾ ಬೆಳಗ್ಗೆ ಎದ್ದ ಕೂಡಲೇ ಪೊದೆ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಟೊಂಗೆ ತಡವೋರು. ನಾನು ಅಡುಗೆಮನೆ ಕಿಟಕಿಯಿಂದ, "ಅಕ್ಕಾ, ಹೆರಿಗೆ ಆಯ್ತಾ?" ಅಂತ ಕೂಗೋಳು. ಈಗ ನೆನೆಸಿಕೊಂಡರೆ ನನ್ನ ನಾಲಿಗೆಗೆ ಬರೆ ಹಾಕಬೇಕು ಅನ್ಸುತ್ತೆ.

ಬಸವ ಜಯಂತಿ ಬಂತು. ಒಂದು ಮೊಗ್ಗೂ ಇಲ್ಲ.

ಆವತ್ತು ತೋಟದಲ್ಲಿ ಕುರಿ ಮಂದೆ ಇತ್ತು. ಪ್ರತಿ ವರ್ಷ ಕುರಿಗಾರರಿಗೆ ಅಕ್ಕನೇ ತೋಟಕ್ಕೆ ಬುತ್ತಿ ಒಯ್ಯೋರು, ಮನೆ ಕಡೆ ಅವರು ಬಂದಿದ್ದೇ ಇಲ್ಲ. ಹಬ್ಬ ಅಂತ ಈ ಸಲ ಭಾವ ಮಂದೆಯ ಹಿರಿಯ ಮುದುಕನನ್ನ ಊಟಕ್ಕೆ ಮನೆಗೇ ಕರಕೊಂಡು ಬಂದ್ರು. ಮುದುಕ ಕಾಲು ತೊಳೆಯೋಕೆ ಅಂತ ಅಂಗಳಕ್ಕೆ ಬಂದವನು ಪೊದೆ ಮುಂದೆ ನಿಂತುಬಿಟ್ಟ.

"ಅಯ್ಯ, ನಮ್ಮ ಕವಳಿ ಐತಲ್ಲ ಇಲ್ಲಿ. ಬಿಳಿಚೋಡು ಗುಡ್ಡದ ತುಂಬಾ ಇದೇಯ. ನಿನಗೇನವ್ವ ಹೇಳೋದು, ಇದರ ಹಣ್ಣು ಉಡೀಲಿ ತುಂಬ್ಕಂಡು ತಿಂದು ಬೆಳೆದೋಳು ನೀನು."

ಅಕ್ಕ ನೀರಿನ ತಂಬಿಗೆ ಹಿಡಕೊಂಡು ಹಂಗೇ ನಿಂತಿದ್ರು. ಭಾವ ಅವರ ಮುಖ ನೋಡಿದ್ರು. "ಅಂದ್ರೆ ನಿನಗೆ ಗೊತ್ತಿತ್ತಾ?"

"ಎರಡೆಲೆ ಇದ್ದಾಗಲೇ ಗೊತ್ತಾಗಿತ್ತು," ಅಂದ್ರು ಅಕ್ಕ. "ಬಿಳಿಚೋಡಿನ ಮುಳ್ಳು ಅಂದಿದ್ರೆ ಆವತ್ತೇ ಕೀಳ್ತಿದ್ರಿ. ಹೆಸರು ಗೊತ್ತಿಲ್ಲ ಅಂದಿದ್ದಕ್ಕೆ ಮೂರು ವರ್ಷ ಉಳೀತು."

ಜಗಲಿ ಮೇಲಿದ್ದ ಅತ್ತೆ ಎದ್ದು ಒಳಗೆ ಹೋದ್ರು. ನ್ಯಾಮತಿ, ಹೊನ್ನಾಳಿ ಅಂತ ಟೊಂಗೆ ಹೊತ್ತು ತಿರುಗಿದವರು ತವರಿಗೆ ಮಾತ್ರ ಯಾಕೆ ಒಯ್ಯಲಿಲ್ಲ ಅಂತ ನನಗೆ ಆಗ ಹೊಳೀತು. ಇಷ್ಟು ವರ್ಷ ನಮ್ಮ ಜೊತೆ ನಗ್ತಿದ್ದ ಅವರ ನಗುವನ್ನ ನಾನು ಒಂದು ದಿನಾನೂ ಸರಿಯಾಗಿ ನೋಡಿರಲಿಲ್ಲ. ನಾಚಿಕೆಯಾಯ್ತು.

ಮಾರನೇ ದಿನ ಜೆಸಿಬಿ ಬಂತು. ಭಾವ ಸುಣ್ಣ ತಂದು ಪೊದೆಯ ಸುತ್ತ ದೊಡ್ಡದಾಗಿ ಗುಂಡಗೆ ಒಂದು ಗೆರೆ ಎಳೆದು, "ಇದರೊಳಗೆ ಬರಂಗಿಲ್ಲ" ಅಂತ ಡ್ರೈವರನಿಗೆ ತಾಕೀತು ಮಾಡಿದ್ರು.

ನಾನು ಅಡುಗೆಮನೆಗೆ ಹೋಗಿ, ಅಕ್ಕಿ ತೊಳೀತಿದ್ದ ಅಕ್ಕನ ಪಕ್ಕ ಕೂತೆ. "ಅಕ್ಕಾ, ಕವಳಿ ಹಣ್ಣು ಹೆಂಗಿರ್ತೈತೆ?"

ಅವರು ಕೈ ನಿಲ್ಲಿಸಿ ನನ್ನ ನೋಡಿದ್ರು, ಗೇಲಿ ಮಾಡ್ತಿದೀನೇನೋ ಅಂತ. ಅಲ್ಲ ಅಂತ ಖಾತ್ರಿಯಾದ ಮೇಲೆ ಶುರು ಮಾಡಿದ್ರು. ಹಣ್ಣು, ಗುಡ್ಡ, ಜೊತೆಗೆ ಹೋಗ್ತಿದ್ದ ತಂಗಿ, ನಾಲಿಗೆ ಕಪ್ಪಾದ್ರೆ ಬೈಯೋ ಅವ್ವ. ಮದುವೆಯಾಗಿ ಇಪ್ಪತ್ತೆರಡು ವರ್ಷ ಆಗಿತ್ತು, ಈ ಮನೆಯಲ್ಲಿ ಅವರ ಊರಿನ ಬಗ್ಗೆ ಒಬ್ಬರು ಏನಾದ್ರೂ ಕೇಳಿದ್ದು ಅದೇ ಮೊದಲು. ಒಲೆ ಮೇಲೆ ಸಾರು ಸೀದು ವಾಸನೆ ಬಂತು. ಇಬ್ಬರೂ ಏಳಲಿಲ್ಲ.