ಬೀಗಿತ್ತಿಯ ಮುಂದೆ ತಲೆಯಾಟ

"ಭಾಷೆ ಯಾಕೆ ಬೇಕು ಕಣೇ? ತಲೆ ಒಂದಿದ್ರೆ ಸಾಕು!" ಎಂದು ಸೋಫಾರಾಯರು ಎದೆಯುಬ್ಬಿಸಿ ಘೋಷಿಸಿದರು.

ಹಳೆಯ ಸೋಫಾಗಳಿಗೆ ಹೊಸ ಹೊದಿಕೆ ಹೊಲಿಯುವ ಕಾರ್ಖಾನೆಯಲ್ಲಿ ಅವರು ಮೇಸ್ತ್ರಿ. ಹೆಸರು ಓಣಿಯವರು ದಯಪಾಲಿಸಿದ್ದು. ಅವರ ಮಗಳು ಬೇರೆ ದೇಶದ ಹುಡುಗನನ್ನು ಮೆಚ್ಚಿದ್ದಳು. ಹುಡುಗ ನಮ್ಮ ಭಾಷೆಯನ್ನು ಚೆನ್ನಾಗಿಯೇ ಕಲಿತಿದ್ದ. ಅವನ ತಾಯಿಗೆ ಮಾತ್ರ ಒಂದಕ್ಷರವೂ ಬಾರದು. ಆ ತಾಯಿ ಭಾನುವಾರ ಊಟಕ್ಕೆ ಬರುವವರಿದ್ದರು. ಎರಡೂ ಕಡೆಯ ಹಿರಿಯರು ಹೂಂ ಅಂದರೆ ಮದುವೆ.

"ಅಪ್ಪಾ, ಒಂದು ವಿಷಯ," ಮಗಳು ಎಚ್ಚರಿಸಿದಳು. "ಅವರ ಕಡೆ ತಲೆ ಮೇಲೆ ಕೆಳಗೆ ಆಡಿಸಿದ್ರೆ 'ಇಲ್ಲ' ಅಂತ. ಅಡ್ಡಡ್ಡ ಆಡಿಸಿದ್ರೆ 'ಹೌದು' ಅಂತ."

"ಅಷ್ಟೇ ತಾನೆ? ನಾನೂ ಉಲ್ಟಾ ಮಾಡಿಬಿಟ್ರಾಯ್ತು!"

ಅಂದಿನಿಂದ ಕಠೋರ ಸಾಧನೆ ಶುರುವಾಯಿತು. ಕನ್ನಡಿ ಮುಂದೆ, ಬಸ್ಸಿನಲ್ಲಿ, ಬಚ್ಚಲಲ್ಲಿ! ಕಾರ್ಖಾನೆಯಲ್ಲಿ ಕತ್ತರಿ ಹಿಡಿದ ಜೊತೆಗಾರ "ಈ ಚರ್ಮಾನ ನಡುವಿಗೇ ಕತ್ತರಿಸ್ಲಾ ಅಣ್ಣಾ?" ಎಂದು ಕೇಳಿದ. ಬೇಡವೆನ್ನಲು ರಾಯರು ಹೊಸ ವಿದ್ಯೆಯಂತೆ ಗೋಣನ್ನು ಮೇಲೆ ಕೆಳಗೆ ಆಡಿಸಿದರು. ಕಚಕ್! ದಂತವೈದ್ಯರ ಉದ್ದನೆಯ ಸೋಫಾಗೆಂದು ತಂದ ಚರ್ಮ ಎರಡು ಮೋಟು ಕುರ್ಚಿಗಳ ಪಾಲಾಯಿತು.

"ರೀ, ಅವರ ಭಾಷೇಲಿ 'ಹೌದು', 'ಬೇಡ' ಅಂತ ಎರಡು ಮಾತು ಕಲಿತ್ರೆ ಗಂಟೇನು ಹೋಗುತ್ತೆ?" ಹೆಂಡತಿ ಕೇಳಿದರು.

"ಮಹಾವಿದ್ಯೆ ಕಲಿಯುವಾಗ ಸಣ್ಣಪುಟ್ಟ ನಷ್ಟ ಇದ್ದದ್ದೇ ಕಣೇ!"

ಭಾನುವಾರ ಬಂತು, ಮಗನೊಂದಿಗೆ ಬೀಗಿತ್ತಿಯೂ ಬಂದರು. ಸೂಪು ಬಡಿಸುವ ಹೊತ್ತಿಗೆ ಹುಡುಗ ಹುಡುಗಿ ಕೇಕ್ ತರಲು ಹೊರಗೆ ಹೋದರು. ರಾಯರು ಸೌಟು ಎತ್ತಿ, ಇನ್ನಷ್ಟು ಹಾಕಲೇ ಎಂದು ಹುಬ್ಬು ಹಾರಿಸಿದರು. ಬೀಗಿತ್ತಿ ತಲೆಯನ್ನು ಅಡ್ಡಡ್ಡ ಆಡಿಸಿದರು.

"ಬೇಕಂತೆ!" ರಾಯರು ಸುರಿದರು. ಬೀಗಿತ್ತಿ ಇನ್ನೂ ಜೋರಾಗಿ ಆಡಿಸಿದರು. ರಾಯರು ಇನ್ನೂ ಜೋರಾಗಿ ಸುರಿದರು.

"ರೀ, ಅವರಿಗೆ ಸಾಕಾಗಿದೆ. ಮುಖ ನೋಡಿ!"

"ಮುಖ ನೋಡಬಾರದು ಕಣೇ, ತಲೆ ನೋಡಬೇಕು!" ರಾಯರು ತಮ್ಮ ತಲೆಯನ್ನು ಓರೆಯಾಗಿ ತೂಗುತ್ತ ಮತ್ತೆ ಸೌಟು ಅದ್ದಿದರು.

ನಾಲ್ಕನೇ ಸೌಟಿಗೆ ಬಟ್ಟಲು ತುಂಬಿ ಸೂಪು ಮೇಜಿನ ಮೇಲೆ ಹರಿಯಿತು. ಇನ್ನು ತಡಮಾಡಬಾರದೆಂದು ರಾಯರು ಗೋಡೆಯ ಮೇಲಿನ ಮಗಳ ಫೋಟೋ ತೋರಿಸಿ, ಎರಡು ತೋರುಬೆರಳು ಜೋಡಿಸಿ, ಒಪ್ಪಿಗೆಯೇ ಎಂದು ಕಣ್ಣಲ್ಲೇ ಕೇಳಿದರು. ಬೀಗಿತ್ತಿ ಮುಖವರಳಿಸಿ ತಲೆಯನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸಿದರು.

ರಾಯರು ಗಾಬರಿಯಿಂದ ಹೆಂಡತಿಯತ್ತ ತಿರುಗಿದರು. "ಬೇಡವಂತೆ ಕಣೇ! ನಗ್ತಾ ನಗ್ತಾ ಬೇಡ ಅಂತಿದಾರೆ!"

ಅಷ್ಟರಲ್ಲಿ ಬೀಗಿತ್ತಿ ತಮ್ಮ ಬೆರಳು ಜೋಡಿಸಿ, 'ನೀವೇನಂತೀರಿ?' ಎಂಬಂತೆ ರಾಯರತ್ತ ಕೈ ತೋರಿದರು. ಮಗಳ ಸಂತೋಷಕ್ಕಾಗಿ ರಾಯರು ಇದ್ದಬದ್ದ ಶಕ್ತಿಯನ್ನೆಲ್ಲ ಕುತ್ತಿಗೆಗೆ ತಂದುಕೊಂಡರು. ಒಪ್ಪಿದೆ, ಒಪ್ಪಿದೆ ಎಂದು ತಲೆಯನ್ನು ಅಡ್ಡಡ್ಡ ಆಡಿಸಿದ ರಭಸಕ್ಕೆ ಕನ್ನಡಕ ಹಾರಿ ಸೂಪಿಗೆ ಬಿತ್ತು!

ಬೀಗಿತ್ತಿಯ ಕಣ್ಣು ತುಂಬಿತು. ಕೈಚೀಲ ಎತ್ತಿಕೊಂಡು ಎದ್ದರು. ರಾಯರೂ ಕಣ್ಣೊರೆಸಿಕೊಂಡರು. ಕೇಕ್ ಹಿಡಿದು ಒಳಗೆ ಬಂದ ಹುಡುಗ ಹುಡುಗಿ ಬಾಗಿಲಲ್ಲೇ ನಿಂತರು.

ಹುಡುಗ ತಾಯಿಯನ್ನು ವಿಚಾರಿಸಿದ. ಕೇಳುತ್ತ ಕೇಳುತ್ತ ಗೋಡೆಗೊರಗಿ ನಗತೊಡಗಿದ. "ಅಂಕಲ್, ನಿಮ್ಮ ಮನೆಗೆ ಬರ್ತೀನಲ್ಲ ಅಂತ ಅಮ್ಮ ನಿಮ್ಮ ಥರಾನೇ ತಲೆ ಆಡಿಸೋದು ಕಲಿತು ಬಂದಿದಾರೆ!"

ಆಮೇಲೆ ನಗುವೋ ನಗು. ಮದುವೆಗೆ ಎರಡೂ ಕಡೆಯವರು ಬಾಯಿಬಿಟ್ಟೇ ಒಪ್ಪಿದರು. ಕೇಕ್ ತಿನ್ನುತ್ತ ಬೀಗಿತ್ತಿ ಮಗನ ಕಿವಿಯಲ್ಲಿ ಏನೋ ಕೇಳಿದರು.

"ಅಮ್ಮನಿಗೊಂದು ಅನುಮಾನ," ಅಂದ ಹುಡುಗ. "ಆಂಟಿ ಮಾತಾಡಿದಾಗೆಲ್ಲ ಅಂಕಲ್ ತಲೇನ ಓರೆಯಾಗಿ, ತೊಟ್ಟಿಲು ತೂಗಿದ ಹಾಗೆ ಆಡಿಸ್ತಾರಲ್ಲ, ಅದು ಹೌದೋ ಇಲ್ಲವೋ?"

ರಾಯರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೆಂಡತಿಯೇ ಉತ್ತರಿಸಿದರು: "ಎರಡೂ ಅಲ್ಲಪ್ಪ. ನಾನು ಹೇಳಿದ್ದು ಕಿವಿಗೇ ಬಿದ್ದಿಲ್ಲ ಅಂತ ಅರ್ಥ."

ಹುಡುಗ ಅದನ್ನು ತಾಯಿಗೆ ತಿಳಿಸಿದ. ಬೀಗಿತ್ತಿ ಮೇಜು ಬಡಿದು ನಕ್ಕು, ರಾಯರ ಹೆಂಡತಿಯ ಕೈ ಹಿಡಿದುಕೊಂಡು ಏನೋ ಹೇಳಿದರು.

"ನಮ್ಮನೆಯವರೂ ಹೀಗೇ ಆಡಿಸ್ತಾರೆ," ಹುಡುಗ ಅನುವಾದಿಸಿದ, "ಅದೊಂದು ಮಾತ್ರ ಎರಡೂ ದೇಶದಲ್ಲಿ ಒಂದೇ, ಅಂತಿದಾರೆ ಅಮ್ಮ!"