ಕೈಪಿಡಿ ಓದಿದ ಸಾಮಾನ್ಯಪ್ಪ

ಬೆಳಿಗ್ಗೆ ಏಳೂವರೆಗೆ ಫೋನಿಗೆ ಆಫೀಸಿನಿಂದ ಬಂದ ಎರಡು ಸಾಲಿನ ಸಂದೇಶವನ್ನು ಹೆಂಡತಿ ಗಟ್ಟಿಯಾಗಿ ಓದಿಬಿಟ್ಟದ್ದೇ ತಪ್ಪಾಯಿತು. ಸಾಮಾನ್ಯಪ್ಪ ಆಗ ಬಾಯಿ ತುಂಬ ಟೂತ್‌ಪೇಸ್ಟಿನ ನೊರೆ ತುಂಬಿಕೊಂಡು ಬಚ್ಚಲಲ್ಲಿ ನಿಂತಿದ್ದ.

"ರೀ, ಕೇಳಿಸ್ಕೊಳ್ಳಿ. 'ಹೊಸ ಆಪರೇಟಿಂಗ್ ಸಿಸ್ಟಂ ಬಂದ ಮೇಲೆ ಕಂಪನಿಗೆ ಸಾಮಾನ್ಯ ಬಳಕೆದಾರರು ಬೇಕೇ? ಇಂದು ಮೂರು ಗಂಟೆಗೆ ಚರ್ಚೆ, ನಂತರ ಕೈ ಎತ್ತಿ ತೀರ್ಮಾನ.' ಅಂದ್ರೆ ನಿಮ್ಮ ಕುರ್ಚಿ ಹೋಗುತ್ತೇನ್ರೀ?"

ಸಾಮಾನ್ಯಪ್ಪ ನೊರೆಯನ್ನು ನುಂಗಿಬಿಟ್ಟ.

ಅವನ ಕುರ್ಚಿಯ ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಕಂಪ್ಯೂಟರಿನ ಪ್ರೋಗ್ರಾಮುಗಳನ್ನು ಬರೆಯುವ ಕಂಪನಿಯೊಂದರಲ್ಲಿ ಅವನು ಮೊದಲು ಟಪಾಲು ವಿಭಾಗದ ಗುಮಾಸ್ತನಾಗಿದ್ದ. ಒಂದು ದಿನ ಇಂಜಿನಿಯರುಗಳು ಹೊಸ ಪ್ರೋಗ್ರಾಮೊಂದನ್ನು ತಮಾಷೆಗೆಂದು ಅವನ ಮುಂದಿಟ್ಟರು. ಅವನು ಮೂರನೇ ಗುಂಡಿ ಒತ್ತುವಷ್ಟರಲ್ಲಿ ಸಿಕ್ಕಿಹಾಕಿಕೊಂಡು ಬೆವರತೊಡಗಿದ. ಎಲ್ಲರೂ ನಕ್ಕರು. ತಿಂಗಳೊಳಗೆ ಆ ಪ್ರೋಗ್ರಾಂ ಕೊಂಡವರೆಲ್ಲ ಸರಿಯಾಗಿ ಅದೇ ಮೂರನೇ ಗುಂಡಿಯಲ್ಲಿ ಸಿಕ್ಕಿಹಾಕಿಕೊಂಡಾಗ ಯಾರೂ ನಗಲಿಲ್ಲ. ಅಂದಿನಿಂದ ಅವನು ಕಂಪನಿಯ ಅಧಿಕೃತ ಸಾಮಾನ್ಯ ಬಳಕೆದಾರ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದು, ಊರಿಗೆಲ್ಲ ಅವನು ಸಾಮಾನ್ಯಪ್ಪನಾದ.

ಮೂರನೇ ಮಹಡಿಯ ಕಿಟಕಿಯ ಪಕ್ಕದಲ್ಲಿ ಕುರ್ಚಿ, ಒರಗಿದರೆ ಹಿಂದಕ್ಕೆ ಬಾಗುವಂಥದ್ದು. ಅಲ್ಲಿ ಕೂತು "ಇದು ನನಗೆ ತಿಳಿಯಲಿಲ್ಲ" ಎಂದು ಒಂದು ಚೀಟಿ ಬರೆದರೆ ಸಾಕು, ನೆಲಮಾಳಿಗೆಯಲ್ಲಿ ಹದಿನೆಂಟು ಜನ ಇಂಜಿನಿಯರುಗಳು ತಲೆ ಕೆರೆದುಕೊಂಡು ಅದನ್ನು ತಿದ್ದಬೇಕು. ಐದು ಗಂಟೆಗೆ ಚೀಲ ಹೆಗಲಿಗೇರಿಸಿ ಮನೆಗೆ. ಆ ಹುದ್ದೆಗೆ ಇದ್ದ ನಿಯಮ ಒಂದೇ: ಕೈಪಿಡಿಯನ್ನು ಮುಟ್ಟಕೂಡದು. ಹನ್ನೊಂದು ವರ್ಷ ಅವನು ಈ ವ್ರತವನ್ನು ಕಟ್ಟುನಿಟ್ಟಾಗಿ ಪಾಲಿಸಿದ್ದ. "ನಿಮಗೇನೂ ಗೊತ್ತಾಗಲ್ಲ" ಎಂದು ಹೆಂಡತಿ ರೇಗಿದರೆ, "ಅದಕ್ಕೇ ಕಣೇ ನನ್ನನ್ನ ಇಟ್ಕೊಂಡಿರೋದು" ಎನ್ನುತ್ತಿದ್ದ. ಎಷ್ಟು ಗಂಡಂದಿರಿಗೆ ಈ ಭಾಗ್ಯವಿದೆ ಹೇಳಿ!

ಈಗ ಬಂದಿದ್ದ ಹೊಸ ಸಿಸ್ಟಂ ಅಂತಿಂಥದ್ದಲ್ಲ. ಕಂಪ್ಯೂಟರಿನ ಮುಂದೆ ಕೂತವರ ಕೈಚಳಕವನ್ನು, ತಪ್ಪುಗಳನ್ನು ಅದು ತಾನೇ ಗಮನಿಸಿ, ಅವರಿಗೆ ತಕ್ಕಂತೆ ಗುಂಡಿಗಳ ಜಾಗವನ್ನೇ ಬದಲಿಸಿಕೊಳ್ಳುತ್ತಿತ್ತು. ಬಳಸುವವರನ್ನು ಯಂತ್ರವೇ ಅರಿತುಕೊಂಡ ಮೇಲೆ ಸಾಮಾನ್ಯಪ್ಪ ಯಾತಕ್ಕೆ? ಇದು ಇಂಜಿನಿಯರುಗಳ ಮುಖ್ಯಸ್ಥ ಚೀಫ್ ಸಾಹೇಬರ ವಾದ.

ಸಂದೇಶದ ಸದ್ದು ಮಾಳಿಗೆ ಮನೆಯವರೆಗೂ ಹೋಗಿತ್ತು. ಅಲ್ಲಿನ ನಿವೃತ್ತ ಮೇಷ್ಟ್ರು ಪಂಚೆ ಎತ್ತಿ ಕಟ್ಟಿಕೊಂಡು ಇಳಿದೇ ಬಂದರು. ಮೂವತ್ತು ವರ್ಷ ಶಾಲಾ ಮಕ್ಕಳ ಚರ್ಚಾಸ್ಪರ್ಧೆಗೆ ತೀರ್ಪು ಕೊಟ್ಟವರು ಅವರು.

"ಹೆದರಬೇಡಪ್ಪಾ. ಚರ್ಚೆ ಅಂದ್ರೆ ಏನು? ಮನೆ ಉದಾಹರಣೆಯಿಂದ ಶುರು ಮಾಡು. ಪ್ರತಿ ವಾಕ್ಯದ ಕೊನೇಲಿ ಮೇಜು ಗುದ್ದು. ಅಷ್ಟೇ!"

"ಮೇಷ್ಟ್ರೇ, ನನಗೆ ಸಿಸ್ಟಂ ಬಗ್ಗೆ ಏನೂ ಗೊತ್ತಿಲ್ಲವಲ್ಲ."

"ಗೊತ್ತಿಲ್ಲದೇ ಇರೋದಕ್ಕೇ ಜೋರಾಗಿ ಗುದ್ದು ಅಂದಿದ್ದು."

ಹೆಂಡತಿ ಅಷ್ಟರಲ್ಲಿ ಮದುವೆಯ ಕೋಟು ಹೊರತೆಗೆದಿದ್ದಳು. ಗುಂಡಿ ಹಾಕಿದರೆ ಉಸಿರಿಲ್ಲ, ಉಸಿರಾಡಿದರೆ ಗುಂಡಿಯಿಲ್ಲ. "ಉಸಿರು ಆಮೇಲೆ ಬಿಡಬಹುದು, ಮೊದಲು ಮರ್ಯಾದೆ ನೋಡಿ" ಎಂದು ಅವಳು ಅವನನ್ನು ಬಾಗಿಲಾಚೆಗೆ ತಳ್ಳಿದಳು.

ಆಫೀಸಿನಲ್ಲಿ ಅವನನ್ನು ಹಿಡಿದು ನಿಲ್ಲಿಸಿದವಳು ಕೈಪಿಡಿ ಅಕ್ಕ. ಕಂಪನಿಯ ಎಲ್ಲ ಕೈಪಿಡಿಗಳನ್ನೂ ಬರೆದವಳು ಆಕೆ. ಅವನ್ನು ಈವರೆಗೆ ಯಾರೂ ಓದಿಲ್ಲವೆಂಬ ಕೊರಗು ಆಕೆಗೆ ಒಳಗೊಳಗೇ ಇತ್ತು.

"ಸಾಮಾನ್ಯಪ್ಪನೋರೇ, ಬರೀ ಮೇಜು ಗುದ್ದಿದ್ರೆ ಚೀಫು ನಿಮ್ಮನ್ನ ನುಣ್ಣಗೆ ಅರೀತಾರೆ. ತಗೊಳ್ಳಿ, ಹೊಸ ಸಿಸ್ಟಂ ಕೈಪಿಡಿ. ಆರುನೂರ ನಲವತ್ತು ಪುಟ. ಮೂರು ಗಂಟೆ ಒಳಗೆ ಓದಿ."

"ಅಯ್ಯೋ, ನಾನು ಮುಟ್ಟೋ ಹಾಗಿಲ್ಲಮ್ಮ!"

"ಕುರ್ಚಿನೇ ಹೋದ್ಮೇಲೆ ನಿಯಮ ಇಟ್ಕೊಂಡು ಏನು ಮಾಡ್ತೀರಿ?"

ಮಾತು ನಾಟಿತು. ಸಾಮಾನ್ಯಪ್ಪ ಕೈಪಿಡಿಯನ್ನು ಕೋಟಿನೊಳಗೆ ಅಡಗಿಸಿಕೊಳ್ಳಲು ಹೋಗಿ ಇದ್ದೆರಡು ಗುಂಡಿಗಳಲ್ಲಿ ಒಂದನ್ನು ಕಳೆದುಕೊಂಡ. ಹಳೆಯ ಕಾಗದಪತ್ರ ತುಂಬಿದ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡು, ಕಳ್ಳನ ಹಾಗೆ ಮೊದಲ ಪುಟ ತೆರೆದ. ಹತ್ತು ಪುಟ ಓದುವಾಗ ಬೆವರು. ಐವತ್ತರಲ್ಲಿ ಆಕಳಿಕೆ. ನೂರರ ಹೊತ್ತಿಗೆ ಏನೋ ಒಂದು ನಡೆಯಿತು: ಅವನಿಗೆ ಅರ್ಥವಾಗತೊಡಗಿತು! ಹನ್ನೊಂದು ವರ್ಷ ಕಾಡಿದ ಗುಂಡಿಗಳೆಲ್ಲ ಒಂದೊಂದಾಗಿ ಮುಖ ತೋರಿಸಿ ಪರಿಚಯ ಹೇಳಿಕೊಂಡವು. "ಓಹೋ, ಹೀಗಾ!" ಎಂದು ಅವನು ಒಬ್ಬನೇ ಕೂಗಿದ. ಊಟದ ಡಬ್ಬಿ ತೆರೆಯಲೇ ಇಲ್ಲ. ಮುನ್ನೂರ ಹನ್ನೆರಡನೇ ಪುಟದಲ್ಲಂತೂ ಎದ್ದು ನಿಂತು ಓದಿದ. ಅಷ್ಟು ಸಂತೋಷ ಅವನಿಗೆ ಈಚೆಗೆ ಆಗಿರಲಿಲ್ಲ.

ಮೂರು ಗಂಟೆಗೆ ಸಭೆ ಕಿಕ್ಕಿರಿದಿತ್ತು. ಡೈರೆಕ್ಟರ್ ಮೇಡಂ ಮಧ್ಯದಲ್ಲಿ ಕೂತಿದ್ದರು. ಚೀಫ್ ಸಾಹೇಬರು ಎದ್ದು, ಒಂದು ಚೀಟಿಯನ್ನೂ ನೋಡದೆ ಮಾತಾಡಿದರು.

"ಇನ್ಮೇಲೆ ಬಳಸೋರು ಏನೂ ಕಲೀಬೇಕಾಗಿಲ್ಲ, ಸಿಸ್ಟಮ್ಮೇ ಅವರನ್ನ ಕಲಿಯುತ್ತೆ. ಪರೀಕ್ಷೆ ಬೇಡ, ಚೀಟಿ ಬೇಡ. ಸಾಮಾನ್ಯಪ್ಪನವರ ಮೇಲೆ ನನಗೆ ಗೌರವ ಇದೆ. ಆದರೆ ಅವರು ಅರ್ಥ ಮಾಡ್ಕೊಳ್ಳದೇ ಇರೋ ಕೆಲಸಾನ ಈಗ ಯಂತ್ರ ಇನ್ನೂ ಬೇಗ ಮಾಡುತ್ತೆ."

ನಗು, ಚಪ್ಪಾಳೆ. ಸಾಮಾನ್ಯಪ್ಪ ಎದ್ದ.

"ನಮ್ಮನೇಲಿ ಉಪ್ಪಿನ ಡಬ್ಬಿ ಒಂದೇ ಜಾಗದಲ್ಲಿರುತ್ತೆ. ಕತ್ತಲಲ್ಲೂ ಕೈಗೆ ಸಿಗುತ್ತೆ. ನನ್ನ ಹೆಂಡತಿ ನನ್ನ ಮೇಲಿನ ಪ್ರೀತಿಗೆ, ಇವತ್ತು ಇವರು ಎಲ್ಲಿ ಹುಡುಕಬಹುದು ಅಂತ ಊಹಿಸಿ ದಿನಾ ಡಬ್ಬಿ ಜಾಗ ಬದಲಾಯಿಸ್ತಾ ಹೋದ್ರೆ, ನಾನು ಜನ್ಮದಲ್ಲಿ ಉಪ್ಪು ತಿನ್ನಲ್ಲ ಸ್ವಾಮೀ!"

ಮೇಜನ್ನು ಗುದ್ದಿದ. ನೀರಿನ ಲೋಟ ಉರುಳಿ ಚೀಫ್ ಸಾಹೇಬರ ಪ್ಯಾಂಟಿನ ಮೇಲೆ ಬಿತ್ತು. ಕೋಟಿನ ಬೆನ್ನು ಪರ್ರೆಂದು ಹರಿಯಿತು. ಹೋದ ಉಸಿರು ಅವನಿಗೆ ಮರಳಿ ಬಂತು. ಉಸಿರಿನ ಜೊತೆ ಧೈರ್ಯವೂ ಬಂತು.

"ಅದೂ ಹೋಗಲಿ, ನಿಮ್ಮ ಇಂಜಿನಿಯರುಗಳ ಗತಿ ನೋಡಿ! ಒಬ್ಬೊಬ್ಬರ ಸ್ಕ್ರೀನೂ ಒಂದೊಂದು ಥರ. ಗಿರಾಕಿ ಫೋನ್ ಮಾಡಿ 'ಎಡಗಡೆ ಗುಂಡಿ ಕೆಲಸ ಮಾಡ್ತಿಲ್ಲ' ಅಂದ್ರೆ ಇವರು ಯಾವ ಎಡಗಡೆ ಅಂತ ಹುಡುಕಬೇಕು? ಯಾರ ಸ್ಕ್ರೀನಿಗೆ ಅಂತ ಪ್ರೋಗ್ರಾಂ ಬರೀಬೇಕು? ಕೈಪಿಡೀಲಿ ಲೆಕ್ಕ ಹಾಕಿದೀನಿ, ಇಂಥ ತೊಡಕು ತೊಂಬತ್ತಮೂರಿವೆ!"

"ನಿಜ ಸಾರ್," ಎಂದು ಹಿಂದಿನ ಸಾಲಿನ ಇಂಜಿನಿಯರೊಬ್ಬ ಎದ್ದ. ಚೀಫ್ ಕಣ್ಣು ಕೆಂಪು ಮಾಡಿದರೂ ಅವನು ಕೂರಲಿಲ್ಲ. ಸಾಮಾನ್ಯಪ್ಪ ಮೇಡಂ ಕಡೆ ತಿರುಗಿದ.

"ಮಾತೇ ಬೇಡ, ಮೇಡಂ. ಮೂರು ವಾರದಿಂದ ಈ ಸಿಸ್ಟಂ ನನ್ನ ಕಂಪ್ಯೂಟರಲ್ಲಿ ನನ್ನನ್ನ ಕಲೀತಾ ಇದೆ. ಚೀಫ್ ಸಾಹೇಬ್ರು ಅದರ ಮುಂದೆ ಕೂರಲಿ, ನಾನು ಅವರದ್ದರ ಮುಂದೆ ಕೂರ್ತೀನಿ. ಇಬ್ಬರೂ ನಿಮಗೆ ಎರಡು ಸಾಲು ಪತ್ರ ಕಳಿಸೋಣ."

ಎರಡೂ ಕಂಪ್ಯೂಟರುಗಳು ಬಂದವು. ಚೀಫ್ ನಗುತ್ತ ಕೂತರು. ಸಾಮಾನ್ಯಪ್ಪನ ಯಂತ್ರ ಮೂರು ವಾರದಲ್ಲಿ ತನ್ನ ಯಜಮಾನನನ್ನು ಚೆನ್ನಾಗಿಯೇ ಅರಿತಿತ್ತು. ಅಪಾಯವೆನಿಸಿದ ಗುಂಡಿಗಳನ್ನೆಲ್ಲ ಬಚ್ಚಿಟ್ಟಿತ್ತು. ಒಂದು ಅಕ್ಷರ ಒತ್ತಿದರೆ "ನಿಜವಾಗಿಯೂ?" ಎಂದು ಮೂರು ಸಲ ಕೇಳುತ್ತಿತ್ತು. ಚೀಫ್ ಸಾಹೇಬರ ಬೆರಳು ಸರಸರನೆ ಓಡಿದ್ದೇ ತಡ, ಪರದೆಯ ತುಂಬ ದಪ್ಪಕ್ಷರ ಮೂಡಿತು: "ಗಾಬರಿಯಾಗಬೇಡಿ. ಎರಡು ನಿಮಿಷ ವಿಶ್ರಾಂತಿ ಪಡೆಯಿರಿ." ಯಂತ್ರ ಕಣ್ಣು ಮುಚ್ಚಿತು. ಸಭೆ ಗೊಳ್ಳೆಂದಿತು.

ಇತ್ತ ಸಾಮಾನ್ಯಪ್ಪ ಮುನ್ನೂರ ಹನ್ನೆರಡನೇ ಪುಟವನ್ನು ನೆನೆದು ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದ. ಚೀಫ್ ಸಾಹೇಬರ ಸಿಸ್ಟಂ ಗುಂಡಿಗಳನ್ನೆಲ್ಲ ಮೊದಲಿದ್ದ ಜಾಗಕ್ಕೆ ತಂದಿಟ್ಟು ತೆಪ್ಪಗೆ ನಿಂತಿತು. ಅವನ ಪತ್ರ ಒಂದು ನಿಮಿಷದಲ್ಲಿ ಮೇಡಂ ಅವರ ಫೋನಿನಲ್ಲಿ ಟಣ್ ಎಂದಿತು.

ಮೂರನೇ ವಿಶ್ರಾಂತಿಯ ನಂತರ ಚೀಫ್ ಎರಡೂ ಕೈ ಮೇಲೆತ್ತಿದರು. "ನನಗೇನೂ ಅರ್ಥವೇ ಆಗ್ತಿಲ್ಲ!"

ಆಮೇಲೆ ಕೈಗಳು ಎದ್ದವು. ಹದಿನೆಂಟು ಜನ ಇಂಜಿನಿಯರುಗಳದ್ದೂ, ಕೈಪಿಡಿ ಅಕ್ಕನ ಎರಡೂ. ಕಂಪನಿಗೆ ಸಾಮಾನ್ಯ ಬಳಕೆದಾರರು ಬೇಕೇ ಬೇಕು! ಯಾರೋ ಸಾಮಾನ್ಯಪ್ಪನನ್ನು ಎತ್ತಿಯೇಬಿಟ್ಟರು. ಹರಿದ ಕೋಟು ರೆಕ್ಕೆಯಂತೆ ಎರಡೂ ಕಡೆ ಹಾರಾಡಿತು. ಅವನ ಕಣ್ಣಲ್ಲಿ ನೀರು ಬಂತು. ತನ್ನ ಬದುಕಿನಲ್ಲಿ ಇಂಥದ್ದೊಂದು ದಿನವಿದೆಯೆಂದು ಅವನು ಎಣಿಸಿರಲಿಲ್ಲ.

ಡೈರೆಕ್ಟರ್ ಮೇಡಂ ಎದ್ದು ನಿಂತರು.

"ಭೇಷ್! ಆ ತೊಂಬತ್ತಮೂರು ತೊಡಕು ಸರಿ ಹೋಗೋವರೆಗೂ ಸಿಸ್ಟಂ ಹೊರಗೆ ಹೋಗೋದಿಲ್ಲ. ಸಾಮಾನ್ಯ ಬಳಕೆದಾರರ ಕುರ್ಚಿ ಶಾಶ್ವತವಾಗಿ ಇರುತ್ತೆ. ಈಗ ಹೇಳಿ, ಅದರಲ್ಲಿ ಯಾರನ್ನ ಕೂರಿಸೋಣ?"

"ಯಾರನ್ನ ಅಂದ್ರೆ? ನಾನೇ ಇದೀನಲ್ಲ ಮೇಡಂ!"

"ನೀವಾ?" ಮೇಡಂ ನಕ್ಕರು. "ಕೈಪಿಡಿ ಓದಿದೀರಿ. ತೊಡಕು ಎಣಿಸಿದೀರಿ. ನಾವ್ಯಾರೂ ಕಂಡಿರದ ಮೂರು ಕೀಲಿ ಒತ್ತಿದ್ರಿ. ನಿಮ್ಮಂಥವರನ್ನ ಸಾಮಾನ್ಯರು ಅಂತ ಕೂರಿಸಿದ್ರೆ ಗಿರಾಕಿಗಳು ನಮ್ಮನ್ನ ಸುಮ್ಮನೆ ಬಿಡ್ತಾರಾ? ನಾಳೆಯಿಂದಲ್ಲ, ಈಗಿನಿಂದಲೇ ನೀವು ನೆಲಮಾಳಿಗೆಗೆ ಹೋಗಿ ಚೀಫ್ ಜಾಗದಲ್ಲಿ ಕೂತ್ಕೊಳ್ಳಿ. ತೊಂಬತ್ತಮೂರನ್ನೂ ಸರಿಪಡಿಸೋದು ನಿಮ್ಮ ಜವಾಬ್ದಾರಿ."

"ಅಯ್ಯೋ, ನನಗೆ ಬರಲ್ಲ ಮೇಡಂ! ದೇವರಾಣೆಗೂ ಬರಲ್ಲ!"

ಹನ್ನೊಂದು ವರ್ಷ ಅವನನ್ನು ಸಾಕಿದ ಮಾತು ಅದು. ಇಂದು ಯಾರೂ ನಂಬಲಿಲ್ಲ. ಎಂಥ ವಿನಯ ಎಂದು ಇನ್ನೊಮ್ಮೆ ಚಪ್ಪಾಳೆ ತಟ್ಟಿದರು.

"ಇನ್ನು ಆ ಕುರ್ಚಿಗೆ," ಎಂದರು ಮೇಡಂ, "ಈ ಕೋಣೇಲಿ ಹೊಸ ಸಿಸ್ಟಂ ಬಳಸೋಕೆ ಬರಲ್ಲ ಅಂತ ಸಾಬೀತಾಗಿರೋರು ಒಬ್ಬರೇ."

ನಾಲ್ಕೂಮುಕ್ಕಾಲಿಗೆ ಸಾಮಾನ್ಯಪ್ಪ ತನ್ನ ಚೀಲ ತರಲು ಮೂರನೇ ಮಹಡಿಗೆ ಹೋದ. ಚೀಫ್ ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಒದ್ದೆ ಪ್ಯಾಂಟನ್ನು ಬಿಸಿಲಿಗೆ ಚಾಚಿಕೊಂಡು ಕೂತಿದ್ದರು. ಇಪ್ಪತ್ತು ವರ್ಷ ಎಲ್ಲವನ್ನೂ ತಿಳಿದಿರಲೇಬೇಕಾಗಿದ್ದ ಮನುಷ್ಯ. ಮುಖದ ಗಂಟೆಲ್ಲ ಸಡಿಲಾಗಿ ಹತ್ತು ವರ್ಷ ಚಿಕ್ಕವರಾಗಿ ಕಂಡರು. ಮೇಜಿನ ಮೇಲೆ ಆಗಲೇ ಹದಿನಾಲ್ಕು ಚೀಟಿಗಳು.

"ಬನ್ನಿ ಬನ್ನಿ," ಎಂದು ಅವರು ಚೀಟಿಗಳ ಕಟ್ಟನ್ನು ಚಾಚಿದರು. "ಇವು ಯಾವುದೂ ನನಗೆ ತಿಳೀಲಿಲ್ಲ. ಬೇಗ ಆದ್ರೆ ಒಳ್ಳೇದು."

ಫೋನು ಹೊಡೆದುಕೊಂಡಿತು. ಹೆಂಡತಿ. ಅವಳ ಹಿಂದೆ ಮೇಷ್ಟ್ರ ಉಸಿರೂ ಕೇಳಿಸುತ್ತಿತ್ತು.

"ರೀ, ಏನಾಯ್ತು? ಗೆದ್ರಾ?"

"ಗೆದ್ದೆ."

"ಕುರ್ಚಿ ಉಳೀತಾ?"

ಸಾಮಾನ್ಯಪ್ಪ ಕುರ್ಚಿಯನ್ನೂ ಅದರಲ್ಲಿ ಒರಗಿದವರನ್ನೂ ನೋಡಿದ.

"ಉಳೀತು ಕಣೇ."

ಅತ್ತ ಕಡೆ ಮೇಷ್ಟ್ರು ಏನನ್ನೋ ಧಡಾರೆಂದು ಗುದ್ದಿದ ಸದ್ದು, ಹೆಂಡತಿಯ ಸಂಭ್ರಮದ ಕೂಗು. "ಹಾಗಾದ್ರೆ ಬೇಗ ಬನ್ನಿ, ಎಲ್ಲರೂ ಕಾಯ್ತಾ ಇದೀವಿ!"

ಸಾಮಾನ್ಯಪ್ಪ ಚೀಟಿಗಳ ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡ.

"ನೀವು ಊಟ ಮಾಡಿ ಮಲಗಿ," ಎಂದು ಹೇಳಿ ನೆಲಮಾಳಿಗೆಯ ಮೆಟ್ಟಿಲಿಳಿದ.