ತೊಟ್ಟಿಲಿನಲ್ಲಿ ಮೂರು ಕಾಲಿನ ಕುದುರೆ

ಹಳೆಯ ಮರದ ಕೆತ್ತನೆಯ ಸಾಮಾನುಗಳ ವಿಷಯದಲ್ಲಿ ಇಡೀ ಮಂಗಳೂರಿನಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ ಎಂಬುದು ಆ ಕಾಲದಲ್ಲಿ ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಪಣಂಬೂರಿನಲ್ಲಿ ಹೊಸ ಬಂದರು ಆಗಿ ಹಡಗು ಬರುವುದಕ್ಕೆ ಎಷ್ಟೋ ಮೊದಲಿನ ಮಾತು. ನಾನು ಹಂಚಿನ ಕಾರ್ಖಾನೆಯ ಗುಮಾಸ್ತ. ನಮ್ಮ ಚಾವಡಿಯಲ್ಲಿ ಸೊಂಡಿಲು ಮುರಿದ ಆನೆ, ಮೂರು ಕಾಲಿನ ಕುದುರೆ, ಗಂಡೋ ಹೆಣ್ಣೋ ತಿಳಿಯದ ಒಂದು ಗೊಂಬೆ ಸಾಲಾಗಿ ಕುಳಿತಿದ್ದವು. ನನ್ನ ಹೆಂಡತಿ ಸುಶೀಲ ಇವನ್ನೆಲ್ಲ ಸೇರಿಸಿ ‘ಕಟ್ಟಿಗೆ’ ಎನ್ನುತ್ತಿದ್ದಳು.

ಅಂದು ಮಧ್ಯಾಹ್ನ ಮಗಳು ವಾರಿಜಳನ್ನು ನೋಡಲು ಪಣಂಬೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಹಿಂದೆ ಎರಡು ಸಂಬಂಧ ತಪ್ಪಿಹೋಗಿದ್ದವು. ವಾರಿಜ ಬಾಯಿಬಿಟ್ಟು ಏನೂ ಹೇಳದಿದ್ದರೂ ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಬೆಳಿಗ್ಗೆ ಸುಶೀಲ ನನ್ನನ್ನು ಗೋಳಿಬಜೆ ಕರಿಯಲು ಮೈದಾ ತರಲು ಹಳೆ ಬಂದರಿನ ಪೇಟೆಗೆ ಕಳುಹಿಸಿದಳು. ನಾನು ಮೈದಾ ತರಲೆಂದೇ ಹೋದೆ. ಆದರೆ ದಾರಿಯಲ್ಲಿ ಇದ್ದಿನಬ್ಬರ ಗೋದಾಮು ಇತ್ತು.

ಇದ್ದಿನಬ್ಬರು ಕೆಡವಿದ ಮನೆಗಳ ಮರಮಟ್ಟು ಮಾರುವವರು. “ಬನ್ನಿ, ನಿಮಗಾಗಿಯೇ ಒಂದು ತೆಗೆದಿಟ್ಟಿದ್ದೇನೆ,” ಎಂದು ಗೋಣಿ ಸರಿಸಿದರು. ತೊಟ್ಟಿಲು! ಅಂಚಿನ ಸುತ್ತ ಗಿಳಿಗಳು, ನಾಲ್ಕು ಮೂಲೆಗೆ ನಾಲ್ಕು ಸಿಂಹ.

“ಹಲಸಿನ ಮರ. ಒಂದು ಮೊಳೆ ಉಂಟಾ ನೋಡಿ,” ಎಂದರು.

ಮೊಳೆ ಇರಲಿಲ್ಲ. ನನಗೆ ಬುದ್ಧಿಯೂ ಇರಲಿಲ್ಲ.

ತೊಟ್ಟಿಲನ್ನು ಕೈಗಾಡಿಗೆ ಹೇರಿಸಿ, ದಂಡಯಾತ್ರೆ ಮುಗಿಸಿದ ಮಹಾರಾಜನ ಗಾಂಭೀರ್ಯದಿಂದ ಅದರ ಹಿಂದೆ ನಡೆದು ಮನೆಗೆ ಬಂದೆ. ಪಕ್ಕದ ಮನೆಯ ಪದ್ಮಕ್ಕ ಬೇಲಿಯ ಬಳಿಯಿಂದಲೇ ನನ್ನ ಹೆಂಡತಿಯನ್ನು ಕೂಗಿ ಕೇಳಿದರು. “ಎಂತ ಸುಶೀಲ, ಒಂದು ಮಾತು ಹೇಳಲಿಲ್ಲ? ಎಷ್ಟು ತಿಂಗಳು?”

ಸುಶೀಲಳಿಗೆ ಆಗ ನಲವತ್ತೈದು. ಅವಳು ತೊಟ್ಟಿಲನ್ನು ನೋಡಿದಳು, ನನ್ನನ್ನು ನೋಡಿದಳು. “ಮೈದಾ ಎಲ್ಲಿ ಉಂಟು?” ಎಂದಳು.

ನಾನು ಸಿಂಹಗಳನ್ನು ತೋರಿಸಿದೆ.

“ಹೆಣ್ಣು ನೋಡ್ಲಿಕ್ಕೆ ಬಂದವರು ತೊಟ್ಟಿಲು ಕಂಡರೆ ಎಂತ ತಿಳ್ಕೊಳ್ತಾರೆ ಮಾರಾಯ್ರೆ? ಒಂದೋ ನನ್ನ ಮಗುವಿಗೆ ಅಂತ. ಇಲ್ಲದಿದ್ರೆ...” ಅವಳು ವಾರಿಜಳ ಕಡೆ ನೋಡಿದಳು. ವಾರಿಜ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಗ ನನಗೆ ನಿಜಕ್ಕೂ ಭಯವಾಯಿತು.

ಕೈಗಾಡಿಯವನು ಹೊರಟುಹೋಗಿದ್ದ. ಒಳಗೆ ಬಚ್ಚಿಡೋಣವೆಂದರೆ ತೊಟ್ಟಿಲು ಒಳಬಾಗಿಲಲ್ಲಿ ತೂರಲಿಲ್ಲ. ಅಡ್ಡ ಹಿಡಿದೆವು, ನೆಟ್ಟಗೆ ಹಿಡಿದೆವು. ಒಂದು ಗಿಳಿಯ ಕೊಕ್ಕು ಹೋಯಿತು, ನನ್ನ ಹೆಬ್ಬೆರಳಿನ ಉಗುರು ಹೋಯಿತು. ಚಾವಡಿಯ ನೆಲದಲ್ಲಿಟ್ಟರೆ ಬಂದವರಿಗೆ ಕೂರಲು ಜಾಗವಿಲ್ಲ. ಕೊನೆಗೆ ಉಯ್ಯಾಲೆಯ ಕೊಕ್ಕೆಗೆ ತೂಗುಹಾಕಿ, ನನ್ನ ಬುದ್ಧಿಶಕ್ತಿಯನ್ನೆಲ್ಲ ಉಪಯೋಗಿಸಿ ಒಂದು ಉಪಾಯ ಹೂಡಿದೆ. ಇದು ಸಾಮಾನು ಇಡುವ ಜಾಗವೆಂದು ತೋರಿದರೆ ಸಾಕಲ್ಲವೇ? ಆನೆ, ಕುದುರೆ, ಗೊಂಬೆ ಎಲ್ಲವನ್ನೂ ಅದರಲ್ಲಿ ತುಂಬಿಸಿ, ಧೂಳು ಕೂರದಂತೆ ಬಿಳಿಯ ಹೊದಿಕೆ ಹೊದಿಸಿದೆ.

ಗೋಳಿಬಜೆ ಪದ್ಮಕ್ಕನ ಮೈದಾದಲ್ಲಿ ಆಯಿತು. ಗಂಡಿನ ಕಡೆಯವರು ಬಂದರು. ಗಂಡಿನ ತಾಯಿ ತೊಟ್ಟಿಲನ್ನು ಕಂಡೊಡನೆ ದನಿ ತಗ್ಗಿಸಿ ಕೇಳಿದರು. “ಮಗು ಮಲಗಿದೆಯಾ?”

ಅವರ ಕಣ್ಣು ಸುಶೀಲಳನ್ನು ಬಿಟ್ಟು ಮೆಲ್ಲನೆ ವಾರಿಜಳ ಕಡೆಗೆ ಹೊರಟಿತು. ಸುಶೀಲ ಎದ್ದು ಹೊದಿಕೆಯನ್ನು ಎಳೆದುಬಿಟ್ಟಳು.

ಮೂರು ಕಾಲಿನ ಕುದುರೆ ಮಾಡಿನ ಹಂಚು ನೋಡುತ್ತಾ ಮಲಗಿತ್ತು.

“ಇವರದ್ದು,” ಎಂದು ಅವಳು ನನ್ನನ್ನು ತೋರಿಸಿದಳು. “ಎರಡು ವರ್ಷದಿಂದ ಹೀಗೆ. ಇವನ್ನೆಲ್ಲ ಮಲಗಿಸದಿದ್ರೆ ಇವರಿಗೆ ಸಮಾಧಾನ ಇಲ್ಲ. ಬೇರೆ ಉಪದ್ರ ಎಂತ ಇಲ್ಲ, ಪಾಪ.”

“ವಂಶದಲ್ಲಿ ಉಂಟಾ?” ಎಂದು ಗಂಡಿನ ಸೋದರಮಾವ ಕೇಳಿದರು.

“ಇಲ್ಲ ಇಲ್ಲ, ಹಂಚು ಸುಡುವ ಗೂಡಿನ ಬಿಸಿ ತಲೆಗೆ ಹತ್ತಿದ್ದು.”

ಕಾರ್ಖಾನೆಯ ಗೂಡಿನ ಹತ್ತಿರವೂ ಸುಳಿಯದ ನಾನು, ಕೆತ್ತನೆಯ ಕಲೆಯ ಕುರಿತು ಒಂದು ಭಾಷಣ ಬಿಗಿಯಲು ಬಾಯಿ ತೆರೆದೆ. ಬಾಗಿಲ ಬಳಿ ನಿಂತಿದ್ದ ವಾರಿಜಳ ಕಣ್ಣು ತುಂಬಿತ್ತು. ಬಾಯಿ ಮುಚ್ಚಿಕೊಂಡೆ. ಕೈ ಚಾಚಿ ತೊಟ್ಟಿಲು ತೂಗಿದೆ.

“ಇಂಥ ಅಪ್ಪನನ್ನು ಇಷ್ಟು ಜೋಪಾನವಾಗಿ ನೋಡಿಕೊಂಡ ಹುಡುಗಿ ಬೇರೆ ಎಲ್ಲಿ ಸಿಗ್ತಾಳೆ?” ಎಂದರು ಗಂಡಿನ ತಾಯಿ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ. “ನಮಗೆ ಒಪ್ಪಿಗೆ ಉಂಟು.”

ಮದುವೆಯಾಯಿತು. ಅಂದಿನಿಂದ ಬೀಗರು ಬಂದಾಗಲೆಲ್ಲ ನಾನು ಕುದುರೆಯನ್ನು ತೂಗಬೇಕು. ಮರೆತರೆ ಸುಶೀಲ ಒಳಗಿನಿಂದ ಕೆಮ್ಮುತ್ತಾಳೆ.

ಮರುವರ್ಷ ನಮ್ಮ ಮನೆಯಲ್ಲೇ ಮೊಮ್ಮಗ ಹುಟ್ಟಿದ. ನನ್ನ ತೊಟ್ಟಿಲಿಗೆ ಕಡೆಗೂ ಮರ್ಯಾದೆ ಬಂತೆಂದು ಗಿಳಿಗಳಿಗೆಲ್ಲ ಎಣ್ಣೆ ಹಚ್ಚಿ ಕಾದೆ. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಬೀಗಿತ್ತಿ ಹೊಸ ಬೆತ್ತದ ತೊಟ್ಟಿಲೊಂದನ್ನು ತಂದಿಳಿಸಿದರು.

“ಇಲ್ಲಿ ತೊಟ್ಟಿಲು ಉಂಟಲ್ಲ,” ಎಂದೆ.

“ಬೇಡ ಬೇಡ,” ಎಂದರು ಅವರು ಮಕ್ಕಳಿಗೆ ಹೇಳುವ ದನಿಯಲ್ಲಿ. “ನಿಮ್ಮ ಕುದುರೆ ಮತ್ತೆ ಎಲ್ಲಿ ಮಲಗಬೇಕು?”

ಮಗುವಿಗೆ ಒಂದು ಗಿಲಕಿ ತಂದಿದ್ದರು. ನನಗೂ ಒಂದು ತಂದಿದ್ದರು. ಮರದ್ದು. ಕೆತ್ತನೆ ಚೆನ್ನಾಗಿತ್ತು, ಇಟ್ಟುಕೊಂಡೆ.